ಗಾಳಿ ಕುಡಿಯುವ ಫ್ಯಾನು

ಹೊನ್ನಿಗುಡ್ಡದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಕಿಟಕಿಯಿಂದ ನೋಡಿದರೆ ಗುಡ್ಡದ ಸಾಲಿನುದ್ದಕ್ಕೂ ಬಿಳಿಯ ಗಾಳಿಯಂತ್ರಗಳು ಕಾಣುತ್ತವೆ. ವಿಜ್ಞಾನದ ಮಾಸ್ತರ ಗವಿಸಿದ್ದೇಶ ಪಾಠ ಮಾಡುವಾಗ ಮಕ್ಕಳ ಮುಖ ನೋಡುವುದಕ್ಕಿಂತ ಅವುಗಳನ್ನು ನೋಡುವುದೇ ಹೆಚ್ಚು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಗವಿಸಿದ್ದೇಶ ಗಂಗಾವತಿಯವನು. ಅಪ್ಪ ಹಂಪಣ್ಣನದು ಅಕ್ಕಿ ವ್ಯಾಪಾರ. ಕಾಲುವೆ, ಗದ್ದೆ, ಅಕ್ಕಿ ಗಿರಣಿಯ ಸದ್ದಿನ ನಡುವೆ ಬೆಳೆದವನಿಗೆ ಗಾಳಿಯೆಂದರೆ ಅಂಗಡಿಯೊಳಗೆ ಹೊಟ್ಟು ತಂದು ಸುರಿಯುವ ಒಂದು ಉಪದ್ರವ, ಅಷ್ಟೇ. ನೌಕರಿ ಸಿಕ್ಕು ಯಲಬುರ್ಗಾ ತಾಲೂಕಿನ ಈ ಊರಿಗೆ ಬಂದ ಮೊದಲ ಸಂಜೆ ಬಸ್ಸಿಳಿದವನು ಬ್ಯಾಗು ರಸ್ತೆಯ ಮೇಲೇ ಬಿಟ್ಟು ಬಾಯಿ ತೆರೆದು ನಿಂತುಬಿಟ್ಟಿದ್ದ. ಕೆಂಪಾದ ಆಕಾಶದಲ್ಲಿ ಅಷ್ಟು ದೊಡ್ಡ ರೆಕ್ಕೆಗಳು ಅಷ್ಟು ನಿಧಾನವಾಗಿ ತಿರುಗುತ್ತಿದ್ದವು, ತೂಕಡಿಸುತ್ತಲೇ ತಾಯಿ ತೊಟ್ಟಿಲು ತೂಗಿದ ಹಾಗೆ. ಅಂದಿನಿಂದ ಅವನಿಗೆ ಅದೊಂದು ಮರುಳು. ಅನ್ನ ಉಣ್ಣುವಾಗಲೂ ಅದೇ ಧ್ಯಾನ, ಹಾಜರಿ ಕರೆಯುವಾಗಲೂ ಅದೇ ಧ್ಯಾನ. ಊರವರು ಮಾತ್ರ ಅವುಗಳನ್ನು 'ಫ್ಯಾನು' ಎಂದು ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ, ತಾನು ಮೆಚ್ಚಿದ ಹುಡುಗಿಯನ್ನು ಯಾರೋ 'ಏ ಡುಮ್ಮಿ' ಎಂದು ಕೂಗಿದಷ್ಟು ಅವನಿಗೆ ನೋವಾಗುತ್ತಿತ್ತು.

ಆ ದಿನದ ಪಾಠ ಪವನ ಶಕ್ತಿಯದು. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಗುಡ್ಡದ ಮೇಲೆ ಯಂತ್ರಗಳು ಚಿತ್ರದಲ್ಲಿ ಬರೆದಂತೆ ನಿಂತಿದ್ದವು.

"ಕಲ್ಲಿದ್ದಲು ಸುಟ್ರ ಮುಗದ ಹೋಗ್ತದ. ಡೀಸೆಲ್ಲೂ ಹಂಗ. ಆದ್ರ ಇದು ಮುಗಿಯೂದಿಲ್ಲ," ಎಂದ ಗವಿಸಿದ್ದೇಶ, ಕಿಟಕಿಯ ಕಡೆಗೇ ತಿರುಗಿಕೊಂಡು. "ಗಾಳಿ ಬರ್ತದ. ಆ ರೆಕ್ಕಿ ಗಾಳಿನ ಕುಡೀತದ. ಕುಡದು, ಕರೆಂಟ ಮಾಡಿ ನಮಗ ಕೊಡ್ತದ."

ಎರಡನೆಯ ಬೆಂಚಿನಿಂದ ಅನ್ನಪೂರ್ಣ ಎದ್ದು ನಿಂತಳು. ಅವಳು ಗವಿಸಿದ್ದೇಶ ಬಾಡಿಗೆಗಿದ್ದ ಮನೆಯ ಯಜಮಾನ ಲಕ್ಷ್ಮಣಪ್ಪನ ಮಗಳು. ಒಂದು ಮಾತನ್ನು ಹಾಗೇ ನುಂಗುವ ಜಾಯಮಾನ ಅವಳದಲ್ಲ. ತಿರುಗಿಸಿ ಮುರುಗಿಸಿ ನೋಡಿಯೇ ನುಂಗುವವಳು.

"ಸರ್, ಕುಡದ್ರ ಕುಡದಷ್ಟು ಗಾಳಿ ಕಡಿಮಿ ಆಗಬೇಕಲ್ರಿ?"

ಗವಿಸಿದ್ದೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇಂಥ ಪ್ರಶ್ನೆ ಕೇಳುವ ಮಕ್ಕಳಿಗಾಗಿಯೇ ಅವನು ಮಾಸ್ತರನಾದದ್ದು. "ಶಾಬಾಸ್! ಭಾಳ ಛಲೋ ಕೇಳಿದಿ. ಆಗ್ತದ, ಕಡಿಮಿ ಆಗೇ ಆಗ್ತದ! ರೆಕ್ಕಿ ದಾಟಿ ಬಂದ ಗಾಳಿ ಸ್ವಲ್ಪ ಸೋತಿರ್ತದ."

ಹೀಗೆ ಸೋತ ಗಾಳಿ ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬ ಮುಂದಿನ ವಾಕ್ಯ ಅವನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಮೊದಲ ವಾಕ್ಯವನ್ನಷ್ಟೇ ಪಾಟಿಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿದರು.

ಮನೆಗಳಲ್ಲಿ ಪರಿಸ್ಥಿತಿ ಹೀಗಿತ್ತು. ಕೆಂಪು ಮಣ್ಣಿನ ಮಸಾರಿ ಹೊಲದವರು ಸಜ್ಜೆ ಕೊಯ್ದು, ತುಳಿಸಿ, ಕಣದಲ್ಲಿ ಗುಡ್ಡೆ ಹಾಕಿ ಕುಳಿತಿದ್ದರು. ರಾಶಿ ಮಾಡುವ ಮಷೀನು ಕುಷ್ಟಗಿ ಕಡೆಗೆ ಹೋದದ್ದು ಮರಳಿ ಬಂದಿರಲಿಲ್ಲ. ಕೈಯಿಂದ ತೂರೋಣವೆಂದರೆ ಗಾಳಿಯೇ ಇಲ್ಲ. ಬುಟ್ಟಿ ಎತ್ತಿ ಸುರಿದರೆ ಕಾಳು, ಹೊಟ್ಟು ಎರಡೂ ಜೋಡಿ ತಪ್ಪದಂತೆ ಒಂದೇ ಕಡೆಗೆ ಬೀಳುತ್ತಿದ್ದವು. ಮೇಲೆ ಮೋಡ ಬೇರೆ ಕವಿಯುತ್ತಿತ್ತು. ಹೊಟ್ಟಿನೊಳಗಿನ ಕಾಳಿಗೆ ಮಳೆ ಬಿದ್ದರೆ ಮೊಳಕೆ ಬಂದು, ಕಪ್ಪಾಗಿ, ವರ್ಷದ ರೊಟ್ಟಿಗೆ ಕುತ್ತು. ಊರಿಗೆ ಊರೇ ಆಕಾಶ ನೋಡುತ್ತ ನಿಂತಿದ್ದಾಗ, ಗಾಳಿ ಎಲ್ಲಿಗೆ ಹೋಯಿತೆಂಬುದಕ್ಕೆ ಹೈಸ್ಕೂಲಿನಿಂದ ಉತ್ತರ ಬಂತು.

ಮರುದಿನ ಬೆಳಗಿನ ಜಾವ ಗವಿಸಿದ್ದೇಶ ಮಾಳಿಗೆಯ ಮೇಲೆ ಮಲಗಿ ಕನಸು ಕಾಣುತ್ತಿದ್ದ. ಕನಸಿನಲ್ಲಿ ಅವನು ಬಿಳಿ ರೆಕ್ಕೆಯೊಂದರ ಮೇಲೆ ಕುಳಿತು ಜೋಕಾಲಿ ಆಡುತ್ತಿದ್ದ. ಕೆಳಗೆ ಗಂಗಾವತಿ ದಾರಿಯ ಹೇಮಗುಡ್ಡ, ಅದರಾಚೆ ಹಸಿರು ಗದ್ದೆ, ಅಂಗಡಿಯ ಮುಂದೆ ಅಪ್ಪ ಇರುವೆಯಷ್ಟಾಗಿ ನಿಂತು ಕೈಬೀಸುತ್ತಿದ್ದ. ಇನ್ನೇನು ಮೋಡ ಕೈಗೆ ಸಿಗಬೇಕು, ಯಾರೋ ಅವನ ಹೊದಿಕೆ ಎಳೆದರು.

"ಮಾಸ್ತರಪ್ಪಾ, ಏಳು. ನಮ್ಮ ಗಾಳಿ ಎಲ್ಲೈತಿ ಹೇಳು."

ಲಕ್ಷ್ಮಣಪ್ಪನ ತಾಯಿ ಹುಲಗಮ್ಮ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಳು. ಅವಳ ಹಿಂದೆ ಲಕ್ಷ್ಮಣಪ್ಪ, ಪಕ್ಕದ ಕಣದ ತಿಮ್ಮಣ್ಣ, ಮೆಟ್ಟಿಲ ತುಂಬ ಜನ.

"ಗಾಳಿ... ಯಾವ ಗಾಳಿರಿ ಅಮ್ಮ?"

"ಫ್ಯಾನು ಕುಡದ ಗಾಳಿ. ನೀನ ಹೇಳೀಯಂತಲ್ಲ ಸಾಲ್ಯಾಗ, ಕುಡದು ಕುಡದು ಕಡಿಮಿ ಮಾಡ್ಯಾವಂತ."

"ಅಯ್ಯ ಅಮ್ಮಾ, ಸ್ವಲ್ಪ ಕುಡೀತಾವ ಅಂದೆ. ಸ್ವಲ್ಪ!"

"ಒಂದ ಎಮ್ಮಿ ಸ್ವಲ್ಪನ ಕುಡೀತೈತಿ," ಎಂದ ತಿಮ್ಮಣ್ಣ. "ಹಿಂಡೆಲ್ಲಾ ಇಳದ್ರ ಹೊಂಡ ಉಳೀತೈತೇನ್ರಿ ಸರ? ಗುಡ್ಡದ ತುಂಬ ಅದಾವ."

ಗವಿಸಿದ್ದೇಶ ಕಣ್ಣುಜ್ಜಿಕೊಂಡು ಗುಡ್ಡದ ಕಡೆ ಕೈ ತೋರಿಸಿದ. "ನೋಡ್ರಿ, ಎಲ್ಲಾ ಸುಮ್ಮನ ನಿಂತಾವ. ತಿರುಗದಿದ್ರ ಹೆಂಗ ಕುಡೀತಾವ?"

ಹುಲಗಮ್ಮ ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದಳು: "ಹೊಟ್ಟಿ ತುಂಬೈತಿ, ಯಪ್ಪಾ. ಅದಕ್ಕ ನಿಂತಾವ."

ಮೆಟ್ಟಿಲ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಗವಿಸಿದ್ದೇಶ ಬಿ.ಎಸ್ಸಿ., ಬಿ.ಎಡ್. ಓದಿದವನು. ಆದರೆ ಹೊಟ್ಟೆ ತುಂಬಿದ ಯಂತ್ರಕ್ಕೆ ಏನು ಉತ್ತರ ಕೊಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನಿದ್ದೆಗಣ್ಣಿನಲ್ಲೇ ಅವನು ಇನ್ನೊಂದು ತಪ್ಪು ಮಾಡಿದ. ಶಕ್ತಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಿರುಗುತ್ತದೆ ಎಂದು ವಿವರಿಸಲು ಹೋಗಿ, "ಗಾಳಿಯಿಂದ ಕರೆಂಟ ಆಗ್ತದ, ಕರೆಂಟಿನಿಂದ ಗಾಳಿನೂ ಆಗ್ತದ, ಮನಿಯೊಳಗ ನಮ್ಮ ಫ್ಯಾನ್ ಇಲ್ಲೇನು, ಹಂಗ," ಎಂದುಬಿಟ್ಟ.

ಲಕ್ಷ್ಮಣಪ್ಪನ ಮುಖ ಅರಳಿತು. "ಅಷ್ಟ ಹೌದಲ್ರಿ? ಹಂಗಾದ್ರ ಅದನ್ನ ಉಲ್ಟಾ ತಿರುಗಿಸ್ರಿ. ಕುಡದದ್ದು ಕಾರಲಿ. ಫ್ಯಾನು ಅಂತ ಹೆಸರು ಇಟ್ಟುಕೊಂಡು ಗಾಳಿ ಕೊಡೂದಿಲ್ಲಂದ್ರ ಹೆಂಗ?"

ಶಾಲೆಗೆ ಹೋದ ಮೇಲಾದರೂ ಪಾರಾದೇನು ಎಂದುಕೊಂಡಿದ್ದ ಗವಿಸಿದ್ದೇಶನ ಹಿಂದೆ ಜನವೂ ಬಂತು. ಹೆಡ್ ಮಾಸ್ತರ ಶಾಂತಕುಮಾರರು ಗೇಟಿನ ಬಳಿಯೇ ಸಮಾಚಾರ ಕೇಳಿಕೊಂಡರು. ಜಗಳ ಶಾಲೆಯ ಕಂಪೌಂಡಿನ ಹೊರಗೆ ಆಗುವುದಾದರೆ ಯಾವ ಜಗಳಕ್ಕೂ ಅವರ ಆಕ್ಷೇಪವಿರುವುದಿಲ್ಲ.

"ಹತ್ತನೇ ಕ್ಲಾಸಿನ ಹುಡುಗರನ್ನೂ ಕರಕೊಂಡು ಗುಡ್ಡಕ್ಕ ಹೋಗಿ ಬರ್ರಿ ಸರ್. ಸ್ಥಳೀಯ ಪರಿಸರ ವೀಕ್ಷಣೆ ಅಂತ ಬರಕೋತೀನಿ. ಹುಡುಗರಿಗೆ ಪಾಠ ಆದಂಗೂ ಆತು, ಮಂದಿಗೆ ಸಮಾಧಾನ ಆದಂಗೂ ಆತು."

ಹೀಗಾಗಿ ಮುಂದೆ ಮಕ್ಕಳು, ಹಿಂದೆ ರೈತರು, ನಡುವೆ ಗವಿಸಿದ್ದೇಶ. ಮದುವೆಗೆ ಒಪ್ಪದ ಮದುಮಗನನ್ನು ಕರೆದೊಯ್ದಂತೆ ಅವನನ್ನು ಗುಡ್ಡಕ್ಕೆ ಕರೆದೊಯ್ದರು. ಗಾಳಿಯಿಲ್ಲದ ಆ ಬೆಳಗು ನಿಂತ ನೀರಿನಂತಿತ್ತು. ಎದ್ದ ಧೂಳು ಎದ್ದಲ್ಲೇ ತೇಲುತ್ತಿತ್ತು. ಒಂದು ಹದ್ದು ರೆಕ್ಕೆ ಬಡಿಯುವುದನ್ನು ಮರೆತಂತೆ ಮೇಲೆ ನಿಂತಿತ್ತು. ಇಷ್ಟು ಗದ್ದಲದ ನಡುವೆಯೂ ಗವಿಸಿದ್ದೇಶನ ಮನಸ್ಸು, ಇದೆಲ್ಲ ನೀರಿನೊಳಗೆ ನಡೆಯುತ್ತಿದ್ದರೆ ಹೀಗೇ ಕಾಣುತ್ತಿತ್ತೇನೋ ಎಂದು ತೇಲಿಹೋಯಿತು. ತಿಮ್ಮಣ್ಣ ಹಿಂದಿನಿಂದ ಮೆಲ್ಲಗೆ ನೂಕಿದಾಗಲೇ ಅದು ದಡಕ್ಕೆ ಬಂದದ್ದು.

ಮೊದಲ ಯಂತ್ರದ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾವಲುಗಾರ ಜಿಲಾನಸಾಬ ಇದ್ದ. ದಿನವೆಲ್ಲ ಮಾತಾಡಲು ಒಬ್ಬರೂ ಸಿಗದ ಆತನಿಗೆ ಇಷ್ಟು ಜನರನ್ನು ಕಂಡು ಉರುಸು ಬಂದಷ್ಟು ಖುಷಿಯಾಯಿತು.

"ಬರ್ರಿ ಬರ್ರಿ, ಕುಂದರ್ರಿ. ಏನ್ ಬೇಕಾಗಿತ್ರಿ?"

"ಗಾಳಿ," ಎಂದಳು ಹುಲಗಮ್ಮ.

ಜಿಲಾನಸಾಬ ತಲೆ ಕೆರೆದುಕೊಂಡ. "ಇಲ್ಲಿ ಎಲ್ಲೈತಬೇ ಗಾಳಿ? ಗಾಳಿ ಬಿದ್ದೈತಂತನ ಇವು ನಿಂತಾವ. ನಿಂತಾಗ ಖಾಲಿ ಖರ್ಚು. ಒಳಗ ಲೈಟು, ಮಷೀನು ಬೆಚ್ಚಗಿರಬೇಕು, ಮುಖ ಈ ಕಡಿ ಆ ಕಡಿ ತಿರುಗಬೇಕು, ಅದಕ್ಕೆಲ್ಲಾ ಲೈನಿನಿಂದನ ಕರೆಂಟ ತಗೋತಾವ."

"ಕೇಳಿದ್ರಿಲ್ಲೊ?" ಎಂದು ತಿಮ್ಮಣ್ಣ ಎಲ್ಲರ ಕಡೆಗೂ ತಿರುಗಿದ. "ಗಾಳಿನೂ ಕುಡೀತಾವ, ನಮ್ಮ ಕರೆಂಟನೂ ಕುಡೀತಾವ!"

ಗವಿಸಿದ್ದೇಶ ಹಣೆ ಹಿಡಿದುಕೊಂಡ. ಉಲ್ಟಾ ತಿರುಗಿಸಲು ಬರುವುದಿಲ್ಲವೆಂದು ಜಿಲಾನಸಾಬ ಆಣೆಯಿಟ್ಟು ಹೇಳಿದ. ಬೇಕಿದ್ದರೆ ಆಫೀಸಿಗೆ ಫೋನ್ ಹಚ್ಚುತ್ತೇನೆಂದ. ಹಚ್ಚಿದರೆ ಅದರಲ್ಲಿ ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿದ್ದಳು. ಅಷ್ಟರಲ್ಲಿ ಅನ್ನಪೂರ್ಣ ಕೈ ಎತ್ತಿದಳು.

"ಸರ್, ದೊಡ್ಡ ಫ್ಯಾನು ಕೊಡದಿದ್ರ ಬಿಡ್ಲಿ. ಕರೆಂಟಿನಿಂದ ಗಾಳಿ ಮಾಡೂದಾದ್ರ ಊರಾಗಿನ ಸಣ್ಣ ಫ್ಯಾನೆಲ್ಲಾ ಕಣಕ್ಕ ತರೂಣಲ್ರಿ?"

ವಿಚಾರ ತಪ್ಪಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಯೋಚಿಸುತ್ತಿದ್ದರು. ಗವಿಸಿದ್ದೇಶನ ಕಣ್ಣ ಮುಂದೆ ಮಾತ್ರ ಆಗಲೇ ಚಿತ್ರ ಬಂದಾಗಿತ್ತು: ಕಣದ ತುಂಬ ಸಣ್ಣ ಸಣ್ಣ ಗಾಳಿಯಂತ್ರಗಳ ತೋಟ, ಅವುಗಳ ನಡುವೆ ಚಿನ್ನದ ಬಣ್ಣದ ಹೊಟ್ಟು ಹಾರುತ್ತಿದೆ, ಮಕ್ಕಳು ಶಕ್ತಿಯ ರೂಪಾಂತರವನ್ನು ಕಣ್ಣಾರೆ ಕಾಣುತ್ತಿದ್ದಾರೆ. "ನಡೀರಿ!" ಎಂದ.

ಪೆಂಡಾಲು ಹಾಕುವ ಖಾಜಾಸಾಬನ ಹತ್ತಿರ ಮದುವೆ ಮನೆಯ ದೊಡ್ಡ ನಿಲುವು ಫ್ಯಾನುಗಳಿದ್ದವು. ಮದುವೆಯ ಕಾಲವಲ್ಲವಾದ್ದರಿಂದ ಅವೂ ಸುಮ್ಮನೆ ನಿಂತಿದ್ದವು. ಆತ ಕೊಟ್ಟ. ಜನ ತಮ್ಮ ತಮ್ಮ ಮನೆಯ ಟೇಬಲ್ ಫ್ಯಾನು ತಂದರು. ಒಬ್ಬನಂತೂ ಮಾವನ ಮನೆಯಿಂದ ಬಂದ ಕೂಲರನ್ನೇ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದ. ಶಾಲೆಯ ಪ್ಲಗ್ಗಿನಿಂದ ವೈರು ಎಳೆದರು. ವೈರಿಗೆ ವೈರು, ಅದಕ್ಕೆ ಇನ್ನೊಂದು ವೈರು, ಕಣದ ಮೇಲೆಲ್ಲ ಹಾವಿನ ಹಿಂಡು ಬಿಟ್ಟಂತಾಯಿತು.

ಗುಂಡಿ ಒತ್ತಿದಾಗ ಎಲ್ಲ ಫ್ಯಾನುಗಳೂ ಒಟ್ಟಿಗೆ ಬುರ್ರೆಂದವು. ಹುಲಗಮ್ಮ ಎತ್ತರದ ಮಣೆ ಹತ್ತಿ ಮೊದಲ ಬುಟ್ಟಿ ಸುರಿದಳು. ಹೊಟ್ಟು ಹಾರಿತು! ಮಕ್ಕಳು ಚಪ್ಪಾಳೆ ತಟ್ಟಿದರು. ಗವಿಸಿದ್ದೇಶ, "ನೋಡ್ರಿ, ವಿದ್ಯುತ್ ಶಕ್ತಿ ಚಲನ ಶಕ್ತಿ ಆಗ್ಲಿಕ್ಕತ್ತದ!" ಎಂದು ಕೂಗಿದ. ಬಾಯಿ ತೆರೆದದ್ದೇ ತಡ, ಅದರೊಳಗೆ ಒಂದು ಮುಷ್ಟಿ ಹೊಟ್ಟು ಹೋಯಿತು.

ತೊಡಕು ಆಗ ತಿಳಿಯಿತು. ದೇವರ ಗಾಳಿಗೆ ಒಂದು ದಿಕ್ಕು, ಫ್ಯಾನುಗಳ ಗಾಳಿಗೆ ಫ್ಯಾನಿಗೊಂದು ದಿಕ್ಕು. ಹುಲಗಮ್ಮನ ಹೊಟ್ಟು ನೇರ ತಿಮ್ಮಣ್ಣನ ತೂರಿದ ಕಾಳಿನ ಮೇಲೆ ಹೋಗಿ ಕುಳಿತಿತು. ತಿಮ್ಮಣ್ಣ ಸಿಟ್ಟಿನಿಂದ ತನ್ನ ಫ್ಯಾನನ್ನು ಈ ಕಡೆ ತಿರುಗಿಸಿದ. ಅವನ ಹೊಟ್ಟು ಇವರ ಕಾಳಿಗೆ ಬಂತು. ಲಕ್ಷ್ಮಣಪ್ಪ ಎದುರಿಗೆ ಕೂಲರು ತಂದು ನಿಲ್ಲಿಸಿದ. ಅದರಲ್ಲಿ ಯಾರೋ ನೀರು ಹಾಕಿಟ್ಟಿದ್ದರು. ಸಜ್ಜೆಗೆ ತುಂತುರು ಬಿತ್ತು. ಹೊಟ್ಟು ಎರಡು ಕಣಗಳ ನಡುವೆ ಹಗ್ಗಜಗ್ಗಾಟಕ್ಕೆ ಸಿಕ್ಕಂತೆ ಹೋಗಿ ಬಂದು, ಕೊನೆಗೆ ಬೇಸತ್ತು ನೆಟ್ಟಗೆ ಮೇಲೆದ್ದು, ಎಲ್ಲರ ತಲೆಯ ಮೇಲೂ ಸಮನಾಗಿ ಸುರಿಯಿತು.

"ನನ್ನ ಕಡಿ ಫ್ಯಾನು ತಿರುಗಿಸಿದಿ ಅಂದ್ರ ನೋಡು!"

"ನೀ ಮೊದಲ ತಿರುಗಿಸಿದಿ!"

"ಸರ, ನ್ಯಾಯ ಹೇಳ್ರಿ!"

ಗವಿಸಿದ್ದೇಶ ನ್ಯಾಯ ಹೇಳುವ ಮುನ್ನವೇ ಶಾಲೆಯ ಹಿಂದಿನ ಟಿಸಿ, ಅಂದರೆ ಊರಿನ ಕರೆಂಟಿನ ಟ್ರಾನ್ಸ್‌ಫಾರ್ಮರು, ಢಮ್ಮೆಂದಿತು. ಪಂಪ್‌ಸೆಟ್ಟುಗಳ ಭಾರಕ್ಕೆ ಮೊದಲೇ ಏದುಸಿರು ಬಿಡುತ್ತಿದ್ದ ಟಿಸಿ ಅದು. ಈ ಮದುವೆ ಮೆರವಣಿಗೆಯನ್ನು ತಾಳಲಿಲ್ಲ. ಒಂದು ಸುರುಳಿ ನೀಲಿ ಹೊಗೆ ನೆಟ್ಟಗೆ ಮೇಲೆ ಹೋಯಿತು. ಅದನ್ನು ಬಾಗಿಸುವಷ್ಟೂ ಗಾಳಿಯಿರಲಿಲ್ಲ. ಫ್ಯಾನುಗಳೆಲ್ಲ ಒಂದೊಂದಾಗಿ ನಿಂತವು. ಊರ ಗಿರಣಿ ನಿಂತಿತು, ನಲ್ಲಿ ನಿಂತಿತು, ಟಿವಿ ನಿಂತಿತು.

"ಮಾಸ್ತರ ನಿನ್ನೆ ಗಾಳಿ ಕಳದ," ಎಂದಳು ಹುಲಗಮ್ಮ ಮಣೆಯಿಂದ ಇಳಿಯುತ್ತ. "ಇವತ್ತು ಕರೆಂಟ ಕಳದ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಹೊಟ್ಟು ಕಲೆತ ತನ್ನ ಸಜ್ಜೆಯನ್ನು ಒಂದು ಹಿಡಿ ಎತ್ತಿ, ನೋಡಿ, ಮತ್ತೆ ಅಲ್ಲೇ ಸುರಿದಳು. ಗವಿಸಿದ್ದೇಶನಿಗೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಅವಳು ಸುಟ್ಟು ಕೊಟ್ಟ ಸಜ್ಜೆ ರೊಟ್ಟಿಯನ್ನು ಎಷ್ಟು ಸಲ ಉಂಡಿದ್ದನೋ. ಯಾರಿಗೂ ಹೇಳದೆ ಅವನು ಕಣ ಬಿಟ್ಟು ನಡೆದ. ಕಾಲುಗಳು ತಾವಾಗಿಯೇ ಗುಡ್ಡದ ದಾರಿ ಹಿಡಿದವು.

ಯಂತ್ರದ ಬುಡದ ನೆರಳಲ್ಲಿ ಕುಳಿತು ಬೆನ್ನು ಒರಗಿಸಿದ. ಆ ಬಿಳಿ ಕಂಬ ಒಳಗೊಳಗೇ ಬೆಚ್ಚಗಿತ್ತು, ದನದ ಮೈಯಂತೆ. ಕೆಳಗೆ ಊರು, ಕಣ, ಬಣವೆ, ಕರಿ ಎರೆ ಹೊಲಗಳು ಬಿಸಿಲಿನ ಮಬ್ಬಿನಲ್ಲಿ ಕರಗುತ್ತಿದ್ದವು. ಜಿಲಾನಸಾಬ ಚಹಾ ಮಾಡಿಕೊಟ್ಟು, ಮಾತಾಡಬೇಕೆಂದು ಕುಳಿತು, ಇವನ ಮುಖ ನೋಡಿ ಸುಮ್ಮನೆ ಎದ್ದುಹೋದ. ಚಹಾ ಆರುವ ಮೊದಲೇ ಗವಿಸಿದ್ದೇಶನಿಗೆ ನಿದ್ದೆ ಹತ್ತಿತು.

ನಿದ್ದೆಯಲ್ಲಿ ಅವನು ತುಂಬ ಹೊತ್ತು ಒಂದು ಹಸಿರು ಗದ್ದೆಯ ಬದುವಿನ ಮೇಲೆ ನಡೆದ. ಪೈರು ಒಂದೇ ಸಮನೆ ತಲೆಬಾಗಿ ತಲೆಯೆತ್ತುತ್ತಿತ್ತು, ಆದರೆ ಗಾಳಿಯ ಸದ್ದೇ ಇಲ್ಲ. ಯಾರೋ ದೂರದಲ್ಲಿ ರೇಷ್ಮೆ ಸೀರೆ ಮಡಿಸುತ್ತಿದ್ದಂತೆ ಸರಸರ ಅನ್ನುತ್ತಿತ್ತು. ಎಚ್ಚರವಾದಾಗ ಇಳಿಹೊತ್ತು. ಎದ್ದು ನಿಂತ. ಮೈ ಜೋಮು ಹಿಡಿದಿತ್ತು. ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ, ಬೆರಳಿಗೆ ಬೆರಳು ಹೆಣೆದು, ಹಿಂದಕ್ಕೆ ಬಾಗಿ, ಲಟಲಟ ಎನ್ನುವ ಹಾಗೆ ಮೈಮುರಿದ.

ತಲೆಯ ಮೇಲೆ ಏನೋ ನರಳಿದಂತಾಯಿತು. ಯಂತ್ರ ಮೆಲ್ಲಗೆ ಮುಖ ತಿರುಗಿಸುತ್ತಿತ್ತು. ಕಿವಿಯ ಹಿಂದೆ ತಣ್ಣಗೆ ಏನೋ ಸೋಕಿತು. ಹುಲ್ಲು ಬಾಗಿತು. ಒಂದು ರೆಕ್ಕೆ ಇಳಿಯಿತು, ಇನ್ನೊಂದು ಏರಿತು.

ಕೆಳಗಿನ ಕಣದಿಂದ ದೊಡ್ಡದೊಂದು ಕೂಗು ಎದ್ದಿತು.

ಗವಿಸಿದ್ದೇಶ ಏಳುತ್ತ ಬೀಳುತ್ತ ಓಡಿ ಬಂದಾಗ ಕಣ ಬೇರೆಯೇ ಲೋಕವಾಗಿತ್ತು. ಇಳಿಬಿಸಿಲಿನಲ್ಲಿ ಹೊಟ್ಟು ಬಂಗಾರದ ಸೆರಗಿನ ಹಾಗೆ ಒಂದೇ ಕಡೆಗೆ ಹಾರುತ್ತಿತ್ತು. ಹುಲಗಮ್ಮ ಮಣೆಯ ಮೇಲೆ ನಿಂತು ಬುಟ್ಟಿಯ ಮೇಲೆ ಬುಟ್ಟಿ ಸುರಿಯುತ್ತಿದ್ದಳು. ಕೆಳಗೆ ಕಾಳು ಸುರಿದ ಸದ್ದು ಸಣ್ಣ ಮಳೆಯಂತಿತ್ತು. ಅವನನ್ನು ಕಂಡದ್ದೇ ಬುಟ್ಟಿ ಇಳಿಸಿ, ಎರಡೂ ಕೈಯಿಂದ ಅವನ ಕೆನ್ನೆ ಸವರಿ ಲಟಿಗೆ ಮುರಿದಳು.

"ನಾವೆಲ್ಲಾ ನೋಡಿದ್ವಿ, ಯಪ್ಪಾ. ಎರಡೂ ಕೈ ಎತ್ತಿ ಫ್ಯಾನಿಗೆ ನಮಸ್ಕಾರ ಮಾಡಿದಿ. ಮಾಡೂದಕ್ಕೂ ಗಾಳಿ ಬರೂದಕ್ಕೂ ಒಂದಾತು."

"ಅಯ್ಯೋ, ನಮಸ್ಕಾರ ಅಲ್ರಿ ಅಮ್ಮಾ! ಮಲಗಿ ಎದ್ದು ಮೈಮುರದೆ, ಅಷ್ಟ!"

ಹುಲಗಮ್ಮ ಸುತ್ತಲಿನವರ ಕಡೆ ನೋಡಿದಳು. "ಮೈಮುರದ್ರ ಇಷ್ಟು ಬಂತು. ಇನ್ನ ಮನಸಾರೆ ಕೈ ಮುಗದ್ರ ಏನ್ ಬರ್ತಿತ್ತೋ!"

ಈ ಮಾತನ್ನು ಬೇರಿನಲ್ಲೇ ಕಿತ್ತುಹಾಕಬೇಕೆಂದು ಗವಿಸಿದ್ದೇಶ ನಿರ್ಧರಿಸಿದ. ಲಕ್ಷ್ಮಣಪ್ಪನ ಕಾಳೆಲ್ಲ ಚೀಲ ತುಂಬುವ ಹೊತ್ತಿಗೆ ಅವನು ಮಕ್ಕಳನ್ನೂ ದೊಡ್ಡವರನ್ನೂ ಕಣದಲ್ಲಿ ಸುತ್ತ ಕೂರಿಸಿಕೊಂಡು, ಹೊಟ್ಟಿನ ಮೇಲೆ ಕೋಲಿನಿಂದ ಚಿತ್ರ ಬರೆದು ಪಾಠ ಶುರುಮಾಡಿದ. ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಖಾಲಿಯಾದ ಜಾಗಕ್ಕೆ ತಂಪು ಗಾಳಿ ನುಗ್ಗಿ ಬರುತ್ತದೆ. ರೊಟ್ಟಿಯ ಹಂಚು, ಒಲೆಯ ಹೊಗೆ, ಸಂತೆಯಲ್ಲಿ ಒಬ್ಬ ಎದ್ದರೆ ಆ ಜಾಗಕ್ಕೆ ಇನ್ನೊಬ್ಬ ಕೂರುವುದು, ಎಲ್ಲವನ್ನೂ ಹೇಳಿದ. ಸೋತ ಗಾಳಿ ಮತ್ತೆ ಚೇತರಿಸಿಕೊಳ್ಳುವ ಮಾತನ್ನೂ ಈ ಸಲ ಮರೆಯಲಿಲ್ಲ. ಅವನು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಅನ್ನಪೂರ್ಣಳ ಕಣ್ಣು ಹೊಳೆಯಿತು. "ಅಂದ್ರ ಗಾಳಿ ತಾನಾಗೇ ಬಂತು. ಯಾರು ಕರದ್ರೂ ಬರೂದಿಲ್ಲ, ಹೌದಿಲ್ರಿ ಸರ್?"

"ಯಾರು ಕರದ್ರೂ ಬರೂದಿಲ್ಲ. ನಾನೂ ಅಷ್ಟ, ಯಾರೂ ಅಷ್ಟ."

ಅವಳು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ತಲೆಯಾಡಿಸಿ, ಆಕಳಿಗೆ ನೀರು ಕುಡಿಸಲು ಮನೆಗೆ ಹೋದಳು. ಗವಿಸಿದ್ದೇಶನಿಗೆ ತೇಲಿದಂತಾಯಿತು. ಊರೆಲ್ಲ ತಿಳಿಯದಿದ್ದರೆ ಬೇಡ, ಒಬ್ಬಳಿಗೆ ತಿಳಿಯಿತಲ್ಲ.

ಅಷ್ಟರಲ್ಲಿ ಗಾಳಿ ನಿಂತಿತು.

ತಿಮ್ಮಣ್ಣನ ಕಣದಲ್ಲಿ ಇನ್ನೂ ಅರ್ಧ ರಾಶಿ ತೂರುವುದಿತ್ತು. ಬುಟ್ಟಿ ಎತ್ತಿದವನು ಎತ್ತಿದಂತೆಯೇ ನಿಂತ. ಪಡುವಣ ಕಡೆಯಿಂದ ಮೋಡಗಳು ಎಮ್ಮೆಗಳ ಹಾಗೆ ಒಂದರ ಹಿಂದೊಂದು ಬರುತ್ತಿದ್ದವು.

"ಸರ," ಎಂದು ಅವನು ಮೆಲ್ಲಗೆ ಬಂದ. "ನೀವು ಹೇಳಿದ್ದೆಲ್ಲಾ ಖರೆ. ಹಂಚು ಖರೆ, ಹೊಗಿ ಖರೆ. ಆದ್ರ ಲಕ್ಷ್ಮಣಪ್ಪನ ಮನ್ಯಾಗ ನೀವು ಬಾಡಿಗಿ ಇದ್ದೀರಿ, ಅವನ ರಾಶಿ ಮುಗಿಯೂತನಕ ಗಾಳಿ ಇತ್ತು. ನನ್ನ ಪಾಳಿಗೆ ಬಂದ್ ಆತು. ನಾವೇನು ಹೊರಗಿನವ್ರೇನ್ರಿ?"

"ತಿಮ್ಮಣ್ಣಾರ, ಗಾಳಿಗೆ ಪಾಳಿ ಇರ್ತದೇನ್ರಿ!"

"ತ್ರೀಫೇಸ್ ಕರೆಂಟಿಗೆ ಪಾಳಿ ಐತಿ, ಕಾಲುವಿ ನೀರಿಗೆ ಪಾಳಿ ಐತಿ. ಗಾಳಿಗೆ ಯಾಕ ಇರಬಾರದು?"

ತಿಮ್ಮಣ್ಣನ ಹೆಂಡತಿ ರಾಶಿಯ ಹತ್ತಿರ ಕುಳಿತು ಆಕಾಶ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಗವಿಸಿದ್ದೇಶ ಸಹಾಯಕ್ಕಾಗಿ ಹೆಡ್ ಮಾಸ್ತರರ ಕಡೆ ನೋಡಿದ. ಗಲಾಟೆ ಅಡಗಿದೆಯೆಂದು ತಿಳಿದು ಈಗಷ್ಟೇ ಬಂದಿದ್ದ ಶಾಂತಕುಮಾರರು ಅವನ ಕಿವಿಯ ಬಳಿ ಬಾಗಿದರು.

"ಹೋಗಿ ಒಂದ್ಸಲ ಕೈ ಮುಗದು ಬರ್ರಿ. ನಿಮ್ಮ ವಿಜ್ಞಾನ ಏನು ಸವದ ಹೋಗ್ತೈತಿ?"

ಗವಿಸಿದ್ದೇಶ ಬಿಲ್‌ಕುಲ್ ಆಗುವುದಿಲ್ಲ ಎಂದ. ಎರಡನೆಯ ಸಲವೂ ಆಗುವುದಿಲ್ಲ ಎಂದ. ಮೂರನೆಯ ಸಲ ಹೇಳುವ ಮೊದಲು ಅವನಿಗೊಂದು ಉಪಾಯ ಹೊಳೆಯಿತು. ಇದನ್ನೇ ಒಂದು ಪ್ರಯೋಗ ಮಾಡಿದರೆ? ಎಲ್ಲರೆದುರು ಹೋಗಿ ಕೈ ಮುಗಿಯುವುದು. ಏನೂ ಆಗುವುದಿಲ್ಲ. ಆಗದ್ದನ್ನು ಜನ ಕಣ್ಣಾರೆ ನೋಡುತ್ತಾರೆ. ಅಲ್ಲಿಗೆ ಮೂಢನಂಬಿಕೆ ಮುರಿಯಿತು. ಎಷ್ಟು ಸರಳ! ಇಷ್ಟು ಹೊತ್ತು ಇದು ಯಾಕೆ ಹೊಳೆಯಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತ ಅವನು ಗುಡ್ಡ ಹತ್ತಿದ. ಊರಿಗೆ ಊರೇ ಹಿಂದೆ ಹತ್ತಿತು. ಸಜ್ಜೆಯವರಷ್ಟೇ ಅಲ್ಲ, ಕಡಲೆ ಬಿತ್ತಲು ಹದ ಕಾಯುತ್ತಿದ್ದ ಎರೆ ಹೊಲದವರೂ ನೋಡೋಣವೆಂದು ಬಂದರು.

ಯಂತ್ರದ ಬುಡದಲ್ಲಿ ಅವನು ನಿಂತ. ಜಿಲಾನಸಾಬ ಟೊಪ್ಪಿಗೆ ಸರಿಮಾಡಿಕೊಂಡ. ಗವಿಸಿದ್ದೇಶ ಕೈ ಜೋಡಿಸಿ ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಮುಚ್ಚಿದ ಕಣ್ಣೊಳಗೆ ತಿಮ್ಮಣ್ಣನ ಹೆಂಡತಿ ಮೂಗು ಒರೆಸಿಕೊಳ್ಳುತ್ತಿದ್ದಳು, ಬಂಗಾರದ ಹೊಟ್ಟು ಹಾರುತ್ತಿತ್ತು, ಅಷ್ಟು ದೊಡ್ಡ ರೆಕ್ಕೆ ಅಷ್ಟು ನಿಧಾನವಾಗಿ ತಿರುಗುತ್ತಿತ್ತು. ಪ್ರಯೋಗ ಎಂಬುದು ಎಲ್ಲೋ ಜಾರಿಹೋಯಿತು. ಒಂದೇ ಒಂದು ಸಲ, ಸ್ವಲ್ಪೇ ಸ್ವಲ್ಪ ಬಾರಪ್ಪಾ ಎಂದು ಅವನ ತುಟಿ ತಾನಾಗಿಯೇ ಅಲುಗಿತು.

ಮೂಗಿನ ತುದಿಯ ಮೇಲೆ ಟಪ್ಪೆಂದು ಏನೋ ಬಿತ್ತು.

ಕಣ್ಣು ತೆರೆಯುವುದರೊಳಗೆ ದಪ್ಪ ಹನಿಗಳು ಧೂಳಿನಲ್ಲಿ ಗುಳಿ ಬೀಳಿಸುತ್ತಿದ್ದವು. "ಮಳಿ! ಮಳಿ!" ಎಂದು ಎರೆ ಹೊಲದವರು ರುಮಾಲು ಹಾರಿಸಿ ಕುಣಿದರು. ಒಬ್ಬ ಬಂದು ಮಾಸ್ತರನ ಕಾಲು ಮುಟ್ಟಿದ. "ನಮ್ಮ ಕಡ್ಲಿಗೆ ಬೇಡಿದ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ!" ತಿಮ್ಮಣ್ಣ ಕೆಂಪು ಕಣ್ಣು ಬಿಟ್ಟು, "ನಾ ಗಾಳಿ ಕೇಳಿದ್ರ ಅವ್ರಿಗೆ ಮಳಿ ಕೊಟ್ರೇನ್ರಿ?" ಎಂದವನು ಉತ್ತರಕ್ಕೂ ಕಾಯದೆ ಕಣಕ್ಕೆ ಓಡಿದ. ಖಾಜಾಸಾಬ ಪೆಂಡಾಲಿನ ತಾಡಪತ್ರಿ ಹೊತ್ತುಕೊಂಡು ಅವನ ಹಿಂದೆ ಓಡಿದ. ಹೆಡ್ ಮಾಸ್ತರರು ಎಲ್ಲರಿಗಿಂತ ಮುಂದೆ ಓಡಿದರು. ನೋಡನೋಡುತ್ತ ಗುಡ್ಡ ಬರಿದಾಯಿತು. ಮಳೆಯ ಪರದೆಯೊಳಗೆ ಊರೂ ಇಲ್ಲವಾಯಿತು.

ಗವಿಸಿದ್ದೇಶ ನಿಂತಲ್ಲೇ ನಿಂತಿದ್ದ. ಮಳೆ ಇಳಿಜಾರಿನ ಕೆಂಪು ಮಣ್ಣನ್ನು ಎಬ್ಬಿಸಿ ಅದರ ವಾಸನೆಯನ್ನು ಎಲ್ಲೆಡೆ ತುಂಬಿತ್ತು. ಕಣ್ಣೆದುರಿನ ಬಿಳಿ ಕಂಬ ಮಳೆಯಲ್ಲಿ ಕರಗಿ ಮುಗಿಲಿಗೆ ಸೇರಿಹೋದಂತಿತ್ತು. ಇದು ಕನಸೇ ಆಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಅವನು ಯೋಚಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಕೆಮ್ಮಿದರು.

ಅನ್ನಪೂರ್ಣ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಎಷ್ಟು ಹೊತ್ತಿನಿಂದಲೋ ಅಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಅಷ್ಟೇ.

"ಸರ್," ಎಂದಳು, "ಪರೀಕ್ಷಾದಾಗ ಗಾಳಿ, ಮಳಿ ಹೆಂಗ ಬರ್ತಾವ ಅಂತ ಕೇಳಿದ್ರ, ನೀವು ಕಣದಾಗ ಹೇಳಿದ್ದು ಬರೀಲ್ಯೊ, ಇಲ್ಲಿ ಮಾಡಿದ್ದು ಬರೀಲ್ಯೊ?"

ಗವಿಸಿದ್ದೇಶ ಉತ್ತರ ಹೇಳಲು ಬಾಯಿ ತೆರೆದ. ಬಾಯಿಯೊಳಗೆ ಮಳೆ ಬಿತ್ತು. ಜೋಡಿಸಿದ ಕೈಗಳನ್ನು ತಾನಿನ್ನೂ ಬಿಡಿಸಿಲ್ಲವೆಂಬುದು ಅವನಿಗೆ ಗೊತ್ತಾದದ್ದು ಆಗಲೇ.